‘.5ಕೆಜಿ’ ಎಂದು ಬರೆದರೆ ಏನಾಗುತ್ತದೆ?

ಓದುಗರ ಪ್ರಶ್ನೆ: ಸರ್, ನಮ್ಮದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಎರಡು ವರ್ಷದಿಂದ ಮನೆಯಲ್ಲೇ ಕಾಫಿ ಪುಡಿ, ಕಾಳುಮೆಣಸು ಪ್ಯಾಕ್ ಮಾಡಿ ಮಾರುತ್ತಿದ್ದೇನೆ. ಹೊಸ ಲೇಬಲ್ ಮಾಡಿಸಲು ಚಿಕ್ಕಮಗಳೂರಿನ ಒಂದು ಪ್ರೆಸ್‌ಗೆ ಕೊಟ್ಟೆ. ಅವರು ‘250ಗ್ರಾಂ.’ ಎಂದು ಅಂಟಿಸಿ, ಕೊನೆಗೊಂದು ಚುಕ್ಕಿ ಇಟ್ಟು ಕಳಿಸಿದ್ದಾರೆ. ಇಂಗ್ಲಿಷಿನಲ್ಲಿ ‘ಜಿಎಂಎಸ್’ ಅಂತ ಹಾಕಿದ್ದಾರೆ. ಒಂಬತ್ತನೇ ಕ್ಲಾಸಿನ ಮಗಳು ನೋಡಿ, ‘ಅಮ್ಮಾ, ಹೀಗೆ ಬರೆದ್ರೆ ನಮ್ಮ ಟೀಚರ್ ಅರ್ಧ ಮಾರ್ಕ್ಸ್ ಕಟ್ ಮಾಡ್ತಾರೆ’ ಅಂದಳು. ಪ್ರೆಸ್‌ನವರು ‘ಎಲ್ಲರೂ ಹೀಗೇ ಹಾಕಿಸ್ತಾರೆ’ ಅನ್ನುತ್ತಾರೆ. ಇನ್ನೊಂದು ವಿಷಯ. ಮುಂಗಾರಿಗೆ ಮೊದಲು ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಸುವಾಗ ಮಾವನವರು ‘ಮೈಲುತುತ್ತ .5ಕೆಜಿ, 100ಲೀ.ಗೆ’ ಎಂದು ಚೀಟಿ ಬರೆದಿಟ್ಟಿದ್ದರು. ಕೆಲಸದವರು ಐದು ಕಿಲೋ ಅಂದುಕೊಂಡು ತೂಗುತ್ತಿದ್ದರು. ನಾನು ಆ ಹೊತ್ತಿಗೆ ಅಲ್ಲಿಗೆ ಹೋಗಿದ್ದರಿಂದ ಉಳಿಯಿತು. ಮಾವನವರ ಹಳೆಯ ಮಳೆ ಡೈರಿಗಳನ್ನೂ ಈಗ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಅಲ್ಲೂ ‘1.5’, ‘2.20’ ಎಂದೆಲ್ಲ ಇದೆ. ಅಳತೆ ಬರೆಯಲು ಕನ್ನಡದಲ್ಲಿ ನಿಯಮ ಅಂತ ಇದೆಯಾ? ಜಾಗ ಬಿಡಬೇಕಾ, ಬೇಡವಾ? ಚುಕ್ಕಿ ಬೇಕಾ, ಬೇಡವಾ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಸಮಾಧಾನವಾಯಿತು. ತಕ್ಕಡಿಯ ಹತ್ತಿರ ಸರಿಯಾದ ಹೊತ್ತಿಗೆ ಹೋದಿರಲ್ಲ, ಅದಕ್ಕೆ. ನಾನು ಹಾಸನದಲ್ಲಿ ಕುಳಿತು ಕೃಷಿ ಕೈಪಿಡಿ, ಔಷಧಿ ಚೀಟಿ, ಲೇಬಲ್‌ಗಳ ಕರಡು ತಿದ್ದುವ ಕೆಲಸ ಮಾಡಿಕೊಂಡು ಬಂದವನು. ಕಾಗುಣಿತದ ತಪ್ಪಿನಿಂದ ಯಾರಿಗೂ ನಷ್ಟವಾಗಿದ್ದು ನಾನು ನೋಡಿಲ್ಲ. ಅಂಕಿಯ ಪಕ್ಕದ ಚುಕ್ಕಿಯಿಂದ ನಷ್ಟವಾಗಿದ್ದನ್ನು ನೋಡಿದ್ದೇನೆ.

ನೀವು ಕೇಳಿದ್ದರಲ್ಲಿ ಲೇಬಲ್ ಇದೆ, ಮಗಳ ಮಾರ್ಕ್ಸ್ ಇದೆ, ಚೀಟಿ ಇದೆ, ಡೈರಿ ಇದೆ. ನಾನು ಚೀಟಿಯಿಂದ ಶುರು ಮಾಡುತ್ತೇನೆ. ಲೇಬಲ್ ತಪ್ಪಾದರೆ ಇನ್ನೊಂದು ಸಲ ಅಚ್ಚು ಹಾಕಿಸಬಹುದು. ಸುಟ್ಟ ಎಲೆಯನ್ನು ಗಿಡಕ್ಕೆ ಮತ್ತೆ ಅಂಟಿಸಲು ಆಗುವುದಿಲ್ಲ.

ಕಾಫಿ ಎಲೆಯ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ಅರ್ಧ ಪರ್ಸೆಂಟಿನದು. ಅಂದರೆ 100 ಲೀಟರ್ ನೀರಿಗೆ 500 ಗ್ರಾಂ ಮೈಲುತುತ್ತ, ಅಷ್ಟೇ ಸುಣ್ಣ. ಇದು ನಿಮಗೆ ಗೊತ್ತೇ ಇದೆ. ಮಾವನವರು ಬರೆದ ‘.5’ ಲೆಕ್ಕದ ಪ್ರಕಾರ ಸರಿಯೇ. ಆದರೆ ಚೀಟಿ ಒದ್ದೆಯಾಗುತ್ತದೆ, ಮಡಚಿ ಜೇಬಿಗೆ ಹೋಗುತ್ತದೆ, ಪೆನ್ನಿನ ಚುಕ್ಕಿ ಅಳಿಸಿಹೋಗುತ್ತದೆ. ಆಗ ಉಳಿಯುವುದು 5. ಹತ್ತು ಪಟ್ಟು! ಸುಣ್ಣ ಸರಿಯಾಗಿ ಬೀಳದಿದ್ದರಂತೂ ಚಿಗುರೆಲೆ ಸುಟ್ಟೇ ಹೋಗುತ್ತದೆ. ಆ ಚುಕ್ಕಿಯ ಮುಂಚೆ ಒಂದು ಸೊನ್ನೆ ಇದ್ದಿದ್ದರೆ, ಚುಕ್ಕಿ ಅಳಿಸಿಹೋದರೂ ‘0 5’ ಎಂದು ಕಾಣುತ್ತಿತ್ತು. ಓದುವವರು ಒಂದು ಕ್ಷಣ ನಿಂತು, ಇದೇನು ಎಂದು ಕೇಳುತ್ತಿದ್ದರು. ಆಸ್ಪತ್ರೆಗಳಲ್ಲಿ ಔಷಧಿ ಬರೆಯುವವರಿಗೆ ಇದನ್ನೇ ಹೇಳಿಕೊಡುತ್ತಾರೆ. ಚುಕ್ಕಿಯ ಮುಂಚೆ ಸೊನ್ನೆ ಹಾಕಲು ಮರೆಯಬೇಡಿ, ಚುಕ್ಕಿ ಆದಮೇಲೆ ಸುಮ್ನೆ ಸೊನ್ನೆ ಹಾಕಬೇಡಿ. ‘1.0’ ಎಂದು ಬರೆದದ್ದು 10 ಆಗಿಬಿಡಬಹುದು ಅಲ್ವಾ, ಅದಕ್ಕೆ.

ಚೀಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಚುಕ್ಕಿಯೇ ಬಾರದ ಹಾಗೆ ಬರೆಯುವುದು. ‘ಮೈಲುತುತ್ತ 500 ಗ್ರಾಂ’. ಮುಗಿಯಿತು.

ಈಗ ಮೂಲ ತೊಂದರೆಗೆ ಬರುತ್ತೇನೆ. ನಾವು ಕನ್ನಡದಲ್ಲಿ ಒಂದೇ ಚುಕ್ಕಿಯಿಂದ ಮೂರು ಕೆಲಸ ಮಾಡಿಸುತ್ತೇವೆ. ಮೊದಲನೆಯದು ದಶಾಂಶ. 2.5 ಲೀಟರ್ ಅನ್ನುವಾಗ ಬರುವ ಚುಕ್ಕಿ. ಎರಡನೆಯದು ಪದವನ್ನು ಕತ್ತರಿಸಿದ ಗುರುತು. ಕಿ.ಮೀ., ಮಿ.ಲೀ., ರೂ., ಶೇ. ಇವುಗಳಲ್ಲಿರುವುದು ಅದು. ಮೂರನೆಯದು ದೊಡ್ಡ ಅಳತೆಯನ್ನೂ ಚಿಕ್ಕ ಅಳತೆಯನ್ನೂ ಬೇರೆ ಮಾಡುವ ಗೆರೆ. ಎಕರೆ, ಗುಂಟೆ ಬರೆಯುವಾಗ ಬರುವುದು ಇದೇ. ಮೂರೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಎಂದು ಬರೆದವರಿಗೆ ಗೊತ್ತು, ಓದುವವರು ಊಹಿಸಬೇಕು.

ಎರಡನೆಯ ಚುಕ್ಕಿ ಮೊದಲನೆಯದರಂತೆ ಕಾಣುವುದಕ್ಕೆ ಉದಾಹರಣೆ ದಿನಾ ಕಣ್ಣಿಗೆ ಬೀಳುತ್ತದೆ. ‘ಶೇ.5ರಷ್ಟು ತೇವಾಂಶ’. ಇದು ಐದೋ, ಪಾಯಿಂಟ್ ಐದೋ? ‘ರೂ.50’ ಅಂದರೆ ಐವತ್ತು ರೂಪಾಯಿಯೋ, ಐವತ್ತು ಪೈಸೆಯೋ? ಸಂದರ್ಭ ನೋಡಿ ನಮಗೆ ತಿಳಿಯುತ್ತದೆ, ನಿಜ. ಆದರೆ ಒಂದು ಲೀಟರ್‌ಗೆ ಎಷ್ಟು ಔಷಧಿ ಎಂಬಲ್ಲಿ ಸಂದರ್ಭ ಸಹಾಯಕ್ಕೆ ಬರುವುದಿಲ್ಲ. ಅದು ಗೊತ್ತಿಲ್ಲ ಅಂತಲೇ ತಾನೇ ಚೀಟಿ ಓದುತ್ತಿರುವುದು! ಅದಕ್ಕೇ ‘ಶೇ. 5’ ಎಂದು ನಡುವೆ ಜಾಗ ಬಿಡಿ. ‘ಶೇಕಡಾ 5’ ಎಂದು ಪೂರ್ತಿ ಬರೆದರೆ ಇನ್ನೂ ಒಳ್ಳೆಯದು.

ಮೂರನೆಯ ಚುಕ್ಕಿ ಇದಕ್ಕಿಂತ ಜಾಸ್ತಿ ಅಪಾಯದ್ದು. ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಅದು ಎರಡೂವರೆ ಎಕರೆ. ಕ್ಯಾಲ್ಕುಲೇಟರ್ ಹೇಳುವ 2.20 ಎಕರೆ ಅಲ್ಲ. ನಮ್ಮ ಹಿರಿಯರಿಗೆ ಇದು ನಾಲಿಗೆಯ ತುದಿಯಲ್ಲಿದೆ. ಕಂಪ್ಯೂಟರಿಗೆ ಗೊತ್ತಿಲ್ಲ.

ಕೆಲವು ವರ್ಷದ ಹಿಂದೆ ಒಂದು ಕಚೇರಿಯ ಪಟ್ಟಿ ನನ್ನ ಮೇಜಿಗೆ ಬಂದಿತ್ತು. ರೈತರ ಹಿಡುವಳಿಗಳನ್ನೆಲ್ಲ ಎಕ್ಸೆಲ್‌ನಲ್ಲಿ ಕೂಡಿಸಿದ್ದರು. ಒಬ್ಬರ ಹೆಸರಿನಲ್ಲಿ ಎರಡು ತುಂಡು ಜಮೀನು. ಒಂದು 1.30, ಇನ್ನೊಂದು 2.20. ಕೂಡಿದರೆ 3.50 ಎಂದು ಬಂದಿತ್ತು. ಆಮೇಲೆ ಯಾರೋ ಅದನ್ನು ಮೂರೂವರೆ ಎಕರೆ ಎಂದು ಅಕ್ಷರದಲ್ಲೂ ಬರೆದಿದ್ದರು. ಸರಿಯಾದ ಲೆಕ್ಕ ಏನು? ಒಂದು ಎಕರೆ ಮೂವತ್ತು ಗುಂಟೆ ಅಂದರೆ 70 ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ 100 ಗುಂಟೆ. ಒಟ್ಟು 170 ಗುಂಟೆ, ಅಂದರೆ 4 ಎಕರೆ 10 ಗುಂಟೆ. ಆ ರೈತರಿಗೆ ಕಾಗದದ ಮೇಲೆ 30 ಗುಂಟೆ ಕಡಿಮೆಯಾಗಿತ್ತು. ಒಂದು ಗುಂಟೆಗೆ 1,089 ಚದರ ಅಡಿ. 30 ಗುಂಟೆ ಅಂದರೆ ಎಷ್ಟಾಯಿತು ನೋಡಿ, 32,670 ಚದರ ಅಡಿ! ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿ ಬರೀ 1.3 ಎಂದಿತ್ತು. ಕೊನೆಯ ಸೊನ್ನೆಯನ್ನು ಎಕ್ಸೆಲ್ ತಾನಾಗಿಯೇ ಬಿಟ್ಟುಬಿಡುತ್ತದೆ. ಅದು ಮೂರು ಗುಂಟೆಯೋ, ಮೂವತ್ತು ಗುಂಟೆಯೋ? ಮೂಲ ಪಹಣಿ ತರಿಸುವವರೆಗೆ ಹೇಳಲು ದಾರಿ ಇರಲಿಲ್ಲ. ಅವತ್ತಿನಿಂದ ಎಕರೆ ಗುಂಟೆಗಳನ್ನು ಯಾರು ಕೇಳಿದರೂ ಎರಡು ಬೇರೆ ಕಾಲಂನಲ್ಲಿ ಬರೆಯಿರಿ ಎಂದೇ ಹೇಳುತ್ತೇನೆ. ಬರಹದಲ್ಲಿ ‘2 ಎಕರೆ 20 ಗುಂಟೆ’. ಚುಕ್ಕಿಯ ಹಂಗೇ ಬೇಡ.

ನಿಮ್ಮ ಮಾವನವರ ಮಳೆ ಡೈರಿಯಲ್ಲೂ ಇದೇ ತೊಡಕಿದೆ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಅಳೆಯುತ್ತಾರೆ. 100 ಸೆಂಟ್‌ಗೆ ಒಂದು ಇಂಚು. ನೂರರ ಲೆಕ್ಕವಾದ್ದರಿಂದ ‘1.20’ ಎಂದು ಬರೆದರೆ ಒಂದು ಇಂಚು ಇಪ್ಪತ್ತು ಸೆಂಟ್ ಅನ್ನುವುದೂ ಸರಿ, 1.20 ಇಂಚು ಅನ್ನುವುದೂ ಸರಿ. ಎರಡೂ ಒಂದೇ. ಆದರೆ ‘1.5’? ದಶಾಂಶದಂತೆ ಓದಿದರೆ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಒಂದು ಇಂಚು ಐದು ಸೆಂಟ್ ಎಂದು ಓದಿದರೆ 27 ಮಿಲಿಮೀಟರ್ ಕೂಡ ಆಗುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಿತ್ತೋ ಒಂದೂವರೆ ಬಿತ್ತೋ ಎಂಬುದು ತೋಟದವರಿಗೆ ಸಣ್ಣ ವಿಷಯವಲ್ಲ.

ಇದರ ಜೊತೆಗೆ ‘ಸೆಂ.’ ಎಂಬ ಗುರುತಿನದು ಬೇರೆ ಕಾಟ. ಪತ್ರಿಕೆಯ ಹವಾಮಾನ ವರದಿಯಲ್ಲಿ ಮಳೆ ಸೆಂಟಿಮೀಟರಿನಲ್ಲಿ ಬರುತ್ತದೆ. ತೋಟದ ಡೈರಿಯಲ್ಲಿ ಸೆಂಟ್. ಜಮೀನಿಗೂ ಸೆಂಟ್ ಇದೆ, ಅಲ್ಲಿ ನೂರು ಸೆಂಟ್‌ಗೆ ಒಂದು ಎಕರೆ. ‘7 ಸೆಂ. ಮಳೆ’ ಎಂದು ಬರೆದರೆ ಏಳು ಸೆಂಟಿಮೀಟರೋ, ಏಳು ಸೆಂಟೋ? ಮೊದಲನೆಯದು ಹಳ್ಳ ತುಂಬಿ ಹರಿಯುವ ಮಳೆ. ಇನ್ನೊಂದು ಎರಡು ಮಿಲಿಮೀಟರಿಗೂ ಕಡಿಮೆ, ಒಣಗಿದ ಎಲೆ ಒದ್ದೆಯಾದರೆ ಹೆಚ್ಚು. ದಯವಿಟ್ಟು ‘ಸೆಂ.’ ಎಂದು ಮಾತ್ರ ಎಲ್ಲೂ ಬರೆಯಬೇಡಿ. ‘ಸೆಂಟ್’ ಅಥವಾ ‘ಸೆಂ.ಮೀ.’ ಎಂದು ಬಿಡಿಸಿ ಬರೆಯಿರಿ.

ಇನ್ನು ಜಾಗದ ವಿಷಯ. ಅಂಕಿಗೂ ಅಳತೆಗೂ ನಡುವೆ ಜಾಗ ಬಿಡಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಬ್ಯೂರೋ ಇದೆ. 1960ರಲ್ಲಿ ಎಸ್‌ಐ ಎಂಬ ಹೆಸರು ಪಡೆದ ಮೆಟ್ರಿಕ್ ಅಳತೆ ಪದ್ಧತಿಗೆ ಕೈಪಿಡಿ ಹೊರತರುವುದು ಅವರೇ. ಅವರ ನಿಯಮವೂ ಇದೇ. ಕಾರಣ ತುಂಬಾ ಸರಳ. ‘5 ಕಿಲೋ’ ಅಂದರೆ ಐದು ಸಲ ಒಂದು ಕಿಲೋ. ಅಂಕಿ ಒಂದು ವಸ್ತು, ಅಳತೆ ಇನ್ನೊಂದು ವಸ್ತು. ನಡುವಿನ ಜಾಗ ಗುಣಾಕಾರದ ಗುರುತಿನ ಬದಲು ನಿಂತಿದೆ. ಮಗಳಿಗೆ ಹೀಗೆ ಹೇಳಿ ನೋಡಿ, ಅವಳಿಗೆ ಬೇಗ ಹಿಡಿಸುತ್ತದೆ.

ಕಣ್ಣಿಗೂ ಅದು ಬೇಕು. ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಒಂದರ ಅಂಕಿಯಂತೆಯೇ ಕಾಣುತ್ತದೆ. ‘1’ರ ಪಕ್ಕ ಅಂಟಿಸಿ ಬರೆದರೆ ಒಂದು ಲೀಟರ್ ಹನ್ನೊಂದಾಗುತ್ತದೆ. ಇದೇ ಕಾರಣಕ್ಕೆ 1979ರಲ್ಲಿ ಲೀಟರ್‌ಗೆ ದೊಡ್ಡ ಎಲ್ ಕೂಡ ಬಳಸಬಹುದು ಎಂದು ಒಪ್ಪಿದರು. ಕನ್ನಡದಲ್ಲೂ ಇಂಥ ಜೋಡಿ ಇದೆ. ನಮ್ಮ ಸೊನ್ನೆ ‘೦’ ಮತ್ತು ಅನುಸ್ವಾರ ‘ಂ’ ಅಚ್ಚಿನಲ್ಲಿ ಅಕ್ಕತಂಗಿಯರ ಹಾಗಿವೆ. ‘ಗ್ರಾಂ’ ಪದದ ಕೊನೆಗೆ ಅನುಸ್ವಾರದ ಬದಲು ಸೊನ್ನೆ ಟೈಪ್ ಮಾಡಿದ ಕಡತಗಳು ನನಗೆ ಎಷ್ಟೋ ಸಿಕ್ಕಿವೆ. ಕಣ್ಣಿಗೆ ತಿಳಿಯುವುದಿಲ್ಲ, ಹುಡುಕಿದರೆ ಮಾತ್ರ ಆ ಪದ ಸಿಗುವುದಿಲ್ಲ.

ಜಾಗ ಬಿಡದ ಕಡೆಯೂ ಒಂದಿದೆ. ಕೋನ ಅಳೆಯುವಾಗ ಡಿಗ್ರಿಯ ಸಣ್ಣ ಸುತ್ತು ಅಂಕಿಗೆ ಅಂಟಿಯೇ ಇರಬೇಕು. ಉಷ್ಣತೆಯ ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಜಾಗ ಬೇಕು. ಶೇಕಡಾ ಗುರುತಿಗೂ ಜಾಗ ಬಿಡಿ ಎಂದು ಎಸ್‌ಐ ಹೇಳುತ್ತದೆ, ಅಚ್ಚಿನಲ್ಲಿ ತುಂಬಾ ಜನ ಬಿಡುವುದಿಲ್ಲ. ಒಂದು ಪುಸ್ತಕದಲ್ಲಿ ಒಂದೇ ರೀತಿ ಇದ್ದರೆ ನಾನು ಅದನ್ನು ತಿದ್ದಲು ಹೋಗುವುದಿಲ್ಲ.

ಜಾಗ ಬಿಟ್ಟರೆ ಅಂಕಿ ಸಾಲಿನ ಕೊನೆಯಲ್ಲಿ ಉಳಿದು, ಅಳತೆ ಕೆಳಗಿನ ಸಾಲಿಗೆ ಹೋಗುತ್ತದೆ ಎಂದು ಪ್ರೆಸ್‌ನವರು ಹೇಳಬಹುದು. ಅದು ನಿಜವಾದ ತೊಂದರೆ. ಬಹುಶಃ ಅಂಟಿಸುವ ಅಭ್ಯಾಸ ಬೆಳೆದಿದ್ದೂ ಅದರಿಂದಲೇ. ಅದಕ್ಕೆ ಮದ್ದಿದೆ. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು ಸ್ಪೇಸ್ ಒತ್ತಿದರೆ ಒಡೆಯದ ಜಾಗ ಬೀಳುತ್ತದೆ. ಅಂಕಿ, ಅಳತೆ ಎರಡೂ ಜೊತೆಯಲ್ಲೇ ಸಾಲು ಬದಲಿಸುತ್ತವೆ. ಮೊಬೈಲಿನಲ್ಲಿ ಮಾತ್ರ ಹುಷಾರು. ಹಲವು ಫೋನುಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ತಾನಾಗಿ ಒಂದು ಚುಕ್ಕಿ ಬಂದುಬಿಡುತ್ತದೆ. ವಾಟ್ಸಾಪಿನಲ್ಲಿ ‘5. ಕೆಜಿ’ ಎಂದು ಕಾಣುವುದರಲ್ಲಿ ಅರ್ಧ ಹೀಗೇ ಹುಟ್ಟಿದ್ದು ಎಂದು ನನ್ನ ಅಂದಾಜು.

ನಿಮ್ಮ ಮಗಳ ಟೀಚರ್ ಹೇಳಿದ್ದು ಸರಿ. ಎಸ್‌ಐನಲ್ಲಿ ಕಿಲೋಗ್ರಾಂಗೆ ಇಂಗ್ಲಿಷಿನ ಸಣ್ಣ ಕೆ, ಸಣ್ಣ ಜಿ. ಗ್ರಾಂಗೆ ಬರೀ ಸಣ್ಣ ಜಿ. ಇವು ಪದ ಕತ್ತರಿಸಿ ಮಾಡಿದ ಸಂಕ್ಷೇಪ ಅಲ್ಲ, ಗಣಿತದ ಕೂಡು ಗುರುತಿನಂತೆ ಚಿಹ್ನೆಗಳು. ಅದಕ್ಕೇ ಕೊನೆಗೆ ಚುಕ್ಕಿ ಇಲ್ಲ. ಬಹುವಚನದ ಎಸ್ ಕೂಡ ಇಲ್ಲ, ಸಣ್ಣ ಎಸ್ ಸೆಕೆಂಡಿನ ಚಿಹ್ನೆ. ದೊಡ್ಡ ಕೆ ಹಾಕಿದರೆ ಅದು ಉಷ್ಣತೆಯ ಕೆಲ್ವಿನ್. ಸಣ್ಣ ಎಂ ಮಿಲಿ, ದೊಡ್ಡ ಎಂ ಮೆಗಾ. ಅಕ್ಷರದ ಗಾತ್ರ ಮಾತ್ರ ಬದಲಾಯಿತು, ಬೆಲೆ ನೂರು ಕೋಟಿ ಪಟ್ಟು ಬದಲಾಯಿತು.

ಬಹುವಚನದ ವಿಷಯದಲ್ಲಿ ಕನ್ನಡ ಮೊದಲಿನಿಂದಲೂ ಸರಿಯಾಗಿದೆ, ಇದು ನನಗೆ ತುಂಬಾ ಇಷ್ಟ. ‘ಎರಡು ಸೇರು ಅಕ್ಕಿ’, ‘ಹತ್ತು ಮೊಳ ಮಲ್ಲಿಗೆ’, ‘ಐದು ಮೀಟರ್ ಬಟ್ಟೆ’. ಯಾರೂ ‘ಐದು ಮೀಟರ್‌ಗಳು ಬಟ್ಟೆ’ ಅನ್ನುವುದಿಲ್ಲ. 1958ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಮೆಟ್ರಿಕ್ ತೂಕ ಜಾರಿಗೆ ಬರಲು ಶುರುವಾಯಿತು. ಸೇರು, ಮಣ ಹೋಗಿ ಕಿಲೋ ಬಂದರೂ ನಮ್ಮ ಮಾತಿನ ಈ ಅಚ್ಚುಕಟ್ಟು ಹಾಗೇ ಉಳಿಯಿತು.

ಹಾಗಾದರೆ ಕನ್ನಡದಲ್ಲಿ ‘ಕೆ.ಜಿ.’ ತಪ್ಪಾ? ಅಲ್ಲ. ಚಿಹ್ನೆಗೆ ಚುಕ್ಕಿ ಬೇಡ ಎಂಬ ಎಸ್‌ಐ ನಿಯಮ ಆ ಇಂಗ್ಲಿಷ್, ಗ್ರೀಕ್ ಅಕ್ಷರಗಳ ಚಿಹ್ನೆಗಳದ್ದು. ಕನ್ನಡದ ‘ಕಿ.ಮೀ.’, ‘ಮಿ.ಲೀ.’ ಸಂಕ್ಷೇಪಗಳು. ಚುಕ್ಕಿ ಇಡುವವರೂ ಇದ್ದಾರೆ, ‘ಕಿಮೀ’ ಎಂದು ಸೇರಿಸುವವರೂ ಇದ್ದಾರೆ. ಎರಡೂ ನಡೆಯುತ್ತದೆ. ಆದರೆ ‘ಗ್ರಾಂ’ ಸಂಕ್ಷೇಪವೇ ಅಲ್ಲ, ಪೂರ್ತಿ ಪದ. ಅದರ ಕೊನೆಗೆ ಚುಕ್ಕಿ ಇಡುವುದಕ್ಕೆ ಕಾರಣವೇ ಇಲ್ಲ. ನಿಮ್ಮ ಪ್ರೆಸ್‌ನವರ ಚುಕ್ಕಿ ತೆಗೆಸಿ. ಹಾಗೆಯೇ ದೀರ್ಘ ನೋಡಿಕೊಳ್ಳಿ. ‘ಮಿ’ ಅಂದರೆ ಮಿಲಿ, ‘ಮೀ’ ಅಂದರೆ ಮೀಟರ್. ‘ಮೀ.ಲೀ.’ ಎಂದು ಬರೆದ ಔಷಧಿ ಚೀಟಿಗಳು ಬೇಕಾದಷ್ಟು ಓಡಾಡುತ್ತಿವೆ.

ಲೇಬಲ್‌ಗೆ ಬರೋಣ. ಇಲ್ಲಿ ಇಷ್ಟಾನಿಷ್ಟದ ಪ್ರಶ್ನೆಯಲ್ಲ, ಕಾನೂನಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಅದರಡಿ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು. ತೂಕವನ್ನು ಮೆಟ್ರಿಕ್ ಅಳತೆಯಲ್ಲೇ ಹೇಳಬೇಕು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂನಲ್ಲಿ. ಹಾಗಾಗಿ ‘0.25 ಕಿಲೋ’ ಬೇಡ, ‘250 ಗ್ರಾಂ’ ಸರಿ. ‘ಸುಮಾರು’, ‘ಕನಿಷ್ಠ’ ಎಂಬ ಪದಗಳನ್ನು ತೂಕದ ಜೊತೆ ಸೇರಿಸುವಂತಿಲ್ಲ. ಈ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡ ಹಾಕಲು ಅಡ್ಡಿಯಿಲ್ಲ. ಬರೀ ಕನ್ನಡದಲ್ಲಿ ಹಾಕಿದರೆ ತೊಂದರೆ ಬರಬಹುದು. ಕನ್ನಡದ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದವರಿಗೂ ನಾನು ಇದನ್ನೇ ಹೇಳಿದ್ದೇನೆ.

ನಿಮಗೆ ನನ್ನ ಸಲಹೆ ಹೀಗೆ. ಮೇಲೆ ಇಂಗ್ಲಿಷಿನಲ್ಲಿ ನಿವ್ವಳ ತೂಕ ಎಂಬ ಪದ, 250, ಒಂದು ಜಾಗ, ಸಣ್ಣ ಜಿ. ಕೆಳಗೆ ‘ನಿವ್ವಳ ತೂಕ: 250 ಗ್ರಾಂ’. ಎರಡರಲ್ಲೂ ಕೊನೆಗೆ ಚುಕ್ಕಿ ಇಲ್ಲ. ಅಂಕಿಯ ಎತ್ತರಕ್ಕೂ ನಿಯಮ ಇದೆ. ಸಾವಿರಾರು ಲೇಬಲ್ ಅಚ್ಚು ಹಾಕಿಸುವ ಮೊದಲು ಕರಡನ್ನು ಚಿಕ್ಕಮಗಳೂರಿನ ಕಾನೂನು ಮಾಪನಶಾಸ್ತ್ರ ಇಲಾಖೆಯ ಕಚೇರಿಯಲ್ಲಿ ಒಮ್ಮೆ ತೋರಿಸಿ. ‘ಎಲ್ಲರೂ ಹೀಗೇ ಹಾಕಿಸ್ತಾರೆ’ ಎಂಬುದು ಪರಿಶೀಲನೆಗೆ ಬಂದವರ ಮುಂದೆ ಉತ್ತರವಾಗುವುದಿಲ್ಲ. ಲೇಬಲ್ ಮೇಲಿರುವುದು ನಿಮ್ಮ ಹೆಸರು, ಪ್ರೆಸ್‌ನವರದಲ್ಲ.

ಮುಂದೆ ಹೊರದೇಶಕ್ಕೆ ಕಾಫಿ ಕಳಿಸುವ ಯೋಚನೆ ಇದ್ದರೆ ಒಂದು ಮಾತು ನೆನಪಿರಲಿ. ಜರ್ಮನಿ, ಇಟಲಿ ಕಡೆ ದಶಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕಿ ಹಾಕುವ ರೂಢಿ. ಅವರು ‘3.500 ಕಿಲೋ’ ಎಂದು ಕೇಳಿದರೆ ಮೂರೂವರೆ ಕಿಲೋ ಅಲ್ಲ, ಮೂರೂವರೆ ಸಾವಿರ.

ತೋಟದ ಚೀಟಿ, ಡೈರಿಗಳಿಗೆ ಪೂರ್ತಿ ಪದವೇ ನನ್ನ ಆಯ್ಕೆ. ‘ಕಿಲೋ’, ‘ಗ್ರಾಂ’, ‘ಲೀಟರ್’, ‘ಇಂಚು’. ಒಂದೆರಡು ಅಕ್ಷರ ಜಾಸ್ತಿ, ಅಷ್ಟೇ. ವಿಭಕ್ತಿ ಸೇರಿಸುವಾಗಲೂ ಸಲೀಸು. ‘100ಲೀ.ಗೆ’ ಎಂದು ತಡವರಿಸುವ ಬದಲು ‘100 ಲೀಟರ್‌ಗೆ’. ಸಂಕ್ಷೇಪದಲ್ಲಿ ಬರೆದರೆ ಬೇಗ ಆಗುತ್ತದೆ, ಆದರೆ ಹೊಸದಾಗಿ ಬಂದ ಕೆಲಸದವರಿಗೆ ಅದು ಒಗಟು. ಇಂಗ್ಲಿಷ್ ಚಿಹ್ನೆ ಮಗಳಿಗೆ ಸರಿ, ಚೀಟಿ ಓದುವವರಿಗೆ ಅಲ್ಲ. ಎಕ್ಸೆಲ್‌ನಲ್ಲಾದರೆ ಅಳತೆಯನ್ನು ಕಾಲಂನ ತಲೆಯಲ್ಲಿ ಒಮ್ಮೆ ಬರೆದು, ಕೆಳಗೆ ಬರೀ ಅಂಕಿ ತುಂಬಿ. ‘5 ಕಿಲೋ’ ಎಂದು ಕೋಣೆಯೊಳಗೆ ಬರೆದರೆ ಅದು ಕೂಡುವುದಿಲ್ಲ.

ಕೊನೆಯದಾಗಿ ಆ ಹಳೆಯ ಡೈರಿಗಳು. ಅವುಗಳಲ್ಲಿ ಏನನ್ನೂ ತಿದ್ದಬೇಡಿ. ಇದ್ದದ್ದನ್ನು ಇದ್ದ ಹಾಗೇ ಒಂದು ಕಾಲಂನಲ್ಲಿ ಅಕ್ಷರವಾಗಿ ನಕಲು ಮಾಡಿ. ಪಕ್ಕದಲ್ಲಿ ಇಂಚು, ಸೆಂಟ್ ಎಂದು ಎರಡು ಕಾಲಂ ಮಾಡಿ. ‘1.5’ ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಆಮೇಲೆ ಒಂದು ಸಂಜೆ ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿ. ಆ ವರ್ಷ ಹೂಮಳೆ ಹೇಗಿತ್ತು, ಯಾವತ್ತು ಸ್ಪ್ರಿಂಕ್ಲರ್ ಹಾಕಿದರು ಎಂದು ನೆನೆಸಿಕೊಂಡು ಅವರು ಹೇಳಿಯೇ ಹೇಳುತ್ತಾರೆ. ಅವರು ಹೇಳಿದ್ದನ್ನು ಇನ್ನೊಂದು ಕಾಲಂನಲ್ಲಿ ಬರೆಯಿರಿ. ಆ ಚುಕ್ಕಿ ಏನು ಎಂದು ಗೊತ್ತಿರುವುದು ಈಗ ಅವರೊಬ್ಬರಿಗೇ.